ದಿನ ತುಂಬಿದ ಮೇಲೆ ಮೆಂಬ್ರೇನ್ ಸ್ವೀಪ್: ಹೋಗುವ ಮುಂಚೆ, ಆ ಕೋಣೆಯೊಳಗೆ, ಮನೆಗೆ ಬಂದ ಮೇಲಿನ ಎರಡು ದಿನ

"ಅಕ್ಕಾ, ಬೆರಳು ಹಾಕಿ ನೋಡಿದ್ರು, ಈಗ ರಕ್ತ ಬರ್ತಿದೆ, ಏನ್ ಮಾಡ್ಲಿ?" ಈ ಪ್ರಶ್ನೆ ಸಿಂಧನೂರಿಂದ ಬರುತ್ತದೆ, ಕುಷ್ಟಗಿಯಿಂದ ಬರುತ್ತದೆ, ಸಿರುಗುಪ್ಪದಿಂದಲೂ ಬರುತ್ತದೆ. ಕೇಳುವವರು ಎರಡು ಥರ. ಕೆಲವರು ಚಿಕ್ಕ ಕಲೆ ಕಂಡ ತಕ್ಷಣ ರಾತ್ರೋರಾತ್ರಿ ಗಾಡಿ ಮಾಡಿಕೊಂಡು ಓಡುತ್ತಾರೆ. ಏನಿಲ್ಲ ಹೋಗಮ್ಮ ಅಂತ ವಾಪಸ್ ಕಳಿಸಿದರೆ ಎರಡನೇ ಸಲ ಹೋಗಲು ಹಿಂಜರಿಯುತ್ತಾರೆ. ಇನ್ನು ಕೆಲವರು ನಿಜಕ್ಕೂ ಓಡಬೇಕಾದ ಹೊತ್ತಿನಲ್ಲಿ "ಸ್ವೀಪ್ ಮಾಡ್ಯಾರಲ್ಲ, ಅದಕ್ಕ ಹಿಂಗಾಗೈತಿ" ಅಂತ ಮನೆಯಲ್ಲೇ ಮಲಗಿರುತ್ತಾರೆ. ನನಗೆ ಭಯ ಇರೋದು ಈ ಎರಡನೆಯವರ ಬಗ್ಗೆ.

ನಾನು ಈ ಭಾಗದ ಹೆರಿಗೆ ವಾರ್ಡ್‌ಗಳಲ್ಲಿ ಹನ್ನೊಂದು ವರ್ಷ ಸಿಸ್ಟರ್ ಆಗಿದ್ದವಳು. ಎರಡು ಮಕ್ಕಳ ತಾಯಿ. ನನಗೂ ಸ್ವೀಪ್ ಮಾಡಿದ್ದಾರೆ, ಅದೂ ಒಂದು ಮಾತು ಹೇಳದೆ. ಹಾಗಾಗಿ ಇದನ್ನು ಎರಡೂ ಕಡೆ ನಿಂತು ಬರೆಯುತ್ತಿದ್ದೇನೆ. ಕೊನೆವರೆಗೂ ಓದಿ. ಅದರಲ್ಲೂ 5 ಮತ್ತು 6ನೇ ಹಂತವನ್ನು ಮನೆಯವರಿಗೂ ಓದಿ ಹೇಳಿ.

ಇದೇನು ಅಂತ ಮೊದಲು ಹೇಳಿಬಿಡುತ್ತೇನೆ. ಮಗು ನೀರಿನ ಚೀಲದೊಳಗೆ ಇರುತ್ತದೆ. ಆ ಚೀಲದ ಪೊರೆ ಗರ್ಭಕೋಶದ ಬಾಯಿಯ ಹತ್ತಿರ ಒಳಗಿನ ಗೋಡೆಗೆ ಅಂಟಿಕೊಂಡಿರುತ್ತದೆ. ಡಾಕ್ಟರ್ ಗ್ಲೌಸ್ ಹಾಕಿದ ಬೆರಳನ್ನು ಬಾಯಿಯೊಳಗೆ ತೂರಿಸಿ, ಸುತ್ತಲೂ ತಿರುಗಿಸಿ, ಆ ಅಂಟು ಬಿಡಿಸುತ್ತಾರೆ. ಆಗ ಪ್ರೊಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ ನಮ್ಮ ದೇಹದಲ್ಲೇ ಬಿಡುಗಡೆಯಾಗುತ್ತದೆ. ಬಾಯಿ ಮೆತ್ತಗಾಗಿ ಬೇನೆ ಶುರುವಾಗಲು ಅದು ದಾರಿ ಮಾಡಿಕೊಡುತ್ತದೆ. ಸೂಜಿ ಇಲ್ಲ, ಔಷಧಿ ಇಲ್ಲ, ಸಾಮಾನ್ಯವಾಗಿ ಅಡ್ಮಿಟ್ ಆಗಬೇಕಾಗಿಯೂ ಇಲ್ಲ.

ಕೆಲಸ ಮಾಡುತ್ತಾ ಅಂದರೆ, ಎಲ್ಲರಿಗೂ ಅಲ್ಲ. 2020ರಲ್ಲಿ ಕಾಕ್ರೇನ್ ಸಂಸ್ಥೆ ಸುಮಾರು 7,000 ಗರ್ಭಿಣಿಯರ ಮೇಲೆ ನಡೆದ 44 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತ್ತು. ಸ್ವೀಪ್ ಮಾಡಿಸಿಕೊಂಡವರಲ್ಲಿ ತಾನಾಗಿ ಬೇನೆ ಬಂದವರು ಸ್ವಲ್ಪ ಜಾಸ್ತಿ, ಔಷಧಿ ಕೊಟ್ಟು ಬೇನೆ ಬರಿಸಬೇಕಾದವರು ಸ್ವಲ್ಪ ಕಡಿಮೆ. ಸಿಸೇರಿಯನ್ ಸಂಖ್ಯೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. "ಇದು ಮಾಡಿಸಿದ್ರೆ ಆಪರೇಷನ್ ತಪ್ಪುತ್ತೆ" ಅಂತ ಯಾರಾದರೂ ಹೇಳಿದರೆ ಆ ಲೆಕ್ಕದಲ್ಲಿ ಒಪ್ಪಬೇಡಿ.

ಹಂತ 1: ದಿನದ ಲೆಕ್ಕ ಸರಿ ಮಾಡಿಕೊಳ್ಳಿ

ಜಾಸ್ತಿ ಜನ ಎಡವುವುದು ಇಲ್ಲೇ, ಆಸ್ಪತ್ರೆ ಮೆಟ್ಟಿಲು ಹತ್ತುವ ಮುಂಚೆ. ಸ್ವೀಪ್ ಮಾಡುವುದು ಸಾಮಾನ್ಯವಾಗಿ 39 ವಾರ ತುಂಬಿದ ಮೇಲೆ. 37ರಲ್ಲಿ ಇರುವವಳಿಗೆ 40 ಅಂದುಕೊಂಡು ಮಾಡಿದರೆ ಮಗುವನ್ನು ಸುಮ್ನೆ ಅವಸರ ಮಾಡಿ ಕರೆದ ಹಾಗೆ.

ನಮ್ಮ ಕಡೆ ಹಿರಿಯರು ಒಂಬತ್ತು ತಿಂಗಳು ಒಂಬತ್ತು ದಿನ ಅನ್ನುತ್ತಾರೆ. ಎಲ್ಲಿಂದ ಒಂಬತ್ತು ತಿಂಗಳು? ಕೆಲವರು ಮುಟ್ಟು ನಿಂತ ತಿಂಗಳಿಂದ ಎಣಿಸುತ್ತಾರೆ, ಕೆಲವರು ಡಾಕ್ಟರ್ ಹತ್ತಿರ ಮೊದಲು ಹೋದ ದಿನದಿಂದ. ಆಸ್ಪತ್ರೆಯ ಲೆಕ್ಕವೇ ಬೇರೆ. ಕೊನೆಯ ಸಲ ಮುಟ್ಟಾದ ಮೊದಲ ದಿನ ಹಿಡಿದು 280 ದಿನ, ಅಂದರೆ 40 ವಾರ. ಆಗಸ್ಟ್ 10ಕ್ಕೆ ಮುಟ್ಟಾಗಿದ್ದರೆ ಹೆರಿಗೆ ದಿನ ಮೇ 17, ಅದಕ್ಕೆ 39 ವಾರ ತುಂಬುವುದು ಮೇ 10ಕ್ಕೆ. ತಾರೀಖು ನೆನಪಿಲ್ಲ, ನಾಗರಪಂಚಮಿ ಆಗಿ ಎರಡು ದಿನಕ್ಕೆ ಅಂತ ನೆನಪಿದೆ ಅಂದರೆ ಅದೂ ಉಪಯೋಗಕ್ಕೆ ಬರುತ್ತದೆ. ಆ ವರ್ಷದ ಕ್ಯಾಲೆಂಡರ್ ತೆಗೆದು ತಾರೀಖು ನೋಡಿ ಬರೆದಿಟ್ಟುಕೊಳ್ಳಿ. ಅಂದಾಜಿನ ಮೇಲೆ ಹೇಳಬೇಡಿ.

ಇನ್ನೊಂದು ತಪ್ಪು ಸ್ಕ್ಯಾನಿಂಗ್‌ದು. ಫೈಲ್ ತೆಗೆದರೆ ಮೂರು ನಾಲ್ಕು ರಿಪೋರ್ಟ್ ಇರುತ್ತವೆ, ಒಂದೊಂದರಲ್ಲಿ ಒಂದೊಂದು ತಾರೀಖು. ಎಲ್ಲರೂ ಕೊನೆಯದನ್ನೇ ನಂಬುತ್ತಾರೆ. ನಂಬಬೇಕಾಗಿರುವುದು ಮೊದಲಿನದು. ಮೊದಲ ಮೂರು ತಿಂಗಳಲ್ಲಿ ಎಲ್ಲ ಮಕ್ಕಳೂ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಬೆಳೆಯುತ್ತವೆ, ಅದಕ್ಕೇ ಆಗಿನ ಲೆಕ್ಕ ಸರಿಯಾಗಿ ಬರುತ್ತದೆ. ಎಂಟು ಒಂಬತ್ತು ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಗು ಸಣ್ಣದಿದ್ದರೆ ಹೆರಿಗೆ ತಾರೀಖು ತಡವಾಗಿ ತೋರಿಸುತ್ತದೆ, ದಪ್ಪ ಇದ್ದರೆ ಬೇಗ ತೋರಿಸುತ್ತದೆ. ಆಗ ಬದಲಾಗಿರುವುದು ಮಗುವಿನ ಗಾತ್ರ, ನಿಮ್ಮ ದಿನವಲ್ಲ.

ಹಾಗಾಗಿ ತಾಯಿ ಕಾರ್ಡ್‌ನಲ್ಲಿ ಬರೆದ ಹೆರಿಗೆ ದಿನ, ಮೊದಲ ಸ್ಕ್ಯಾನಿಂಗ್‌ನ ದಿನ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ವಾರಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಯಾವುದನ್ನು ಹಿಡಿಯುತ್ತಿದ್ದೀರಿ ಅಂತ ಡಾಕ್ಟರ್ ಅವರನ್ನು ಬಾಯಿ ಬಿಟ್ಟು ಕೇಳಿ.

ಹಂತ 2: ನಿಮಗೆ ಮಾಡಬಹುದಾ, ಬಾರದಾ

ಮಾಸು ಕೆಳಗಿದ್ದರೆ ಸ್ವೀಪ್ ಬೇಡವೇ ಬೇಡ. ನಮ್ಮಲ್ಲಿ ಕಸ ಕೆಳಗಿದೆ ಅನ್ನುತ್ತಾರೆ. ಗರ್ಭಕೋಶದ ಬಾಯಿ ಮೇಲೆ ಮಾಸು ಕೂತಿದ್ದಾಗ ಬೆರಳು ತಾಗಿದರೆ ರಕ್ತ ಸುರಿಯುತ್ತದೆ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಕೆಳಗಿದ್ದ ಮಾಸು ಎಷ್ಟೋ ಜನಕ್ಕೆ ಆಮೇಲೆ ಮೇಲೆ ಹೋಗಿರುತ್ತದೆ, ನಿಜ. ಆದರೆ ಮೇಲೆ ಹೋಗಿದೆ ಅಂತ ಕೊನೆಯ ತಿಂಗಳುಗಳ ಸ್ಕ್ಯಾನಿಂಗ್ ಹೇಳಬೇಕು, ನಾವು ಊಹೆ ಮಾಡುವುದಲ್ಲ.

ನೀರು ಹೋಗಿದ್ದರೆ, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದ್ದರೆ, ಮಗು ಅಡ್ಡ ಮಲಗಿದ್ದರೆ, ಹೇಗಿದ್ದರೂ ಸಿಸೇರಿಯನ್ ಅಂತ ಮೊದಲೇ ತೀರ್ಮಾನ ಆಗಿದ್ದರೆ, ಕೆಳಗೆ ಹರ್ಪಿಸ್ ಗುಳ್ಳೆ ಎದ್ದಿದ್ದರೆ ಆಗಲೂ ಮಾಡುವುದಿಲ್ಲ. ಹಿಂದಿನದು ಸಿಸೇರಿಯನ್ ಆಗಿದ್ದರೆ ಅದು ಡಾಕ್ಟರ್ ಕೂತು ಯೋಚಿಸಿ ಹೇಳಬೇಕಾದ ಮಾತು. ಅಂಥವರು ಸ್ವೀಪ್ ಆದ ಮೇಲೆ ಆಪರೇಷನ್ ಸೌಲಭ್ಯ ಇಲ್ಲದ ಊರಲ್ಲಿ ಉಳಿಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೆರಡು ವಿಷಯ ಯಾರೂ ಕೇಳುವುದಿಲ್ಲ, ನೀವೇ ಹೇಳಬೇಕು. ಒಂದು, ರಕ್ತದ ಗುಂಪು ನೆಗೆಟಿವ್ ಇದ್ದರೆ. ಇನ್ನೊಂದು, ಹಿಮೋಗ್ಲೋಬಿನ್. ನಮ್ಮ ಕಡೆ ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ತುಂಬಾ. ಗರ್ಭಿಣಿಗೆ 11 ಇರಬೇಕು. 7ಕ್ಕಿಂತ ಕೆಳಗೆ ಬಂದರೆ ಅದು ತೀವ್ರ ರಕ್ತಹೀನತೆ. 12 ಇರುವವಳು ತಡೆದುಕೊಳ್ಳುವಷ್ಟು ರಕ್ತ ಹೋದರೆ 8 ಇರುವವಳು ಕುಸಿದು ಬೀಳುತ್ತಾಳೆ. ಕೊನೆಯ ಸಲ ಎಷ್ಟಿತ್ತು ಅನ್ನುವುದು ನಿಮ್ಮ ಬಾಯಲ್ಲಿ ಇರಲಿ.

ಹಂತ 3: ಮನೆ ಬಿಡುವ ಮುಂಚೆ

ಒಬ್ಬರೇ ಹೋಗಬೇಡಿ. ಅತ್ತೆಯೋ ಅವ್ವನೋ ನೆಗೆಣ್ಣಿಯೋ ಯಾರಾದರೂ ಒಬ್ಬರು ಜೊತೆಗಿರಲಿ. ಸ್ವೀಪ್ ಆದ ಮೇಲೆ ಹೊಟ್ಟೆ ಹಿಂಡುತ್ತಿರುವಾಗ ಬಸ್ ಸ್ಟ್ಯಾಂಡ್‌ನಲ್ಲಿ ಒಬ್ಬಳೇ ನಿಲ್ಲುವ ಕಷ್ಟ ನನಗೆ ಗೊತ್ತು.

ಚೀಲದಲ್ಲಿ ತಾಯಿ ಕಾರ್ಡ್, ಎಲ್ಲ ಸ್ಕ್ಯಾನಿಂಗ್ ರಿಪೋರ್ಟ್, ಆಧಾರ್, ನಾಲ್ಕೈದು ಪ್ಯಾಡ್, ಒಂದು ಲಂಗ, ತೊಳೆದು ಬಿಸಿಲಲ್ಲಿ ಒಣಗಿಸಿದ ಹಳೇ ಕಾಟನ್ ಸೀರೆ ತುಂಡು, ನೀರಿನ ಬಾಟಲಿ ಇರಲಿ. ಪ್ಯಾಡ್ ಬಿಳಿ ಬಣ್ಣದ್ದೇ ತಗೊಳ್ಳಿ. ಬಟ್ಟೆ ಇಟ್ಟುಕೊಳ್ಳುವವರೂ ತಿಳಿ ಬಣ್ಣದ ಬಟ್ಟೆಯನ್ನೇ ಇಟ್ಟುಕೊಳ್ಳಿ. ಕೆಂಪು, ಕಡುನೀಲಿ ಬಟ್ಟೆ ಮೇಲೆ ಬಂದದ್ದು ರಕ್ತವೋ ನೀರೋ, ನೀರಾದರೆ ಹಸಿರೋ ಬಿಳಿಯೋ, ಒಂದೂ ತಿಳಿಯುವುದಿಲ್ಲ. ಒಂದು ಚಿಕ್ಕ ನೋಟ್‌ಬುಕ್, ಪೆನ್ನು ಕೂಡ ಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಬೇಸಿಗೆಯಾದರೆ ಬೆಳಗಿನ ಹೊತ್ತೇ ಹೋಗಿ. ರಾಯಚೂರಿನ ಏಪ್ರಿಲ್, ಮೇ ಬಿಸಿಲು ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ಮೈಯಲ್ಲಿ ನೀರು ಕಮ್ಮಿಯಾದರೆ ಸುಳ್ಳು ಬೇನೆ ಹೆಚ್ಚುತ್ತದೆ. ಆಗ ಸ್ವೀಪ್‌ದು ಯಾವುದು, ಬಿಸಿಲಿದು ಯಾವುದು ಅಂತ ಗೊತ್ತೇ ಆಗುವುದಿಲ್ಲ. ಮಜ್ಜಿಗೆ, ನೀರು ಕುಡಿಯುತ್ತಾ ಇರಿ. ಹೊಟ್ಟೆಗೆ ಏನಾದರೂ ತಿಂದೇ ಹೋಗಿ, ಉಪವಾಸ ಬೇಕಿಲ್ಲ.

ಇನ್ನು ಗಾಡಿಯ ಮಾತು. ಸ್ವೀಪ್ ಆದ ದಿನ ರಾತ್ರಿಯೇ ಬೇನೆ ಬರಬಹುದು. 108ಕ್ಕೆ ಕರೆ ಮಾಡಿದರೆ ಆಂಬ್ಯುಲೆನ್ಸ್ ಉಚಿತ. ಆದರೆ ದೇವದುರ್ಗದ ಕಡೆಯ ಒಳಹಳ್ಳಿಗೋ, ಕಾಲುವೆ ದಂಡೆಯ ಕ್ಯಾಂಪಿಗೋ ಬರಬೇಕಾದರೆ ಡ್ರೈವರ್‌ಗೆ ಗುರುತು ಹೇಳಬೇಕಲ್ಲ, ಯಾವ ಗುಡಿ, ಯಾವ ಶಾಲೆ, ಯಾವ ಸೇತುವೆ ಅಂತ. ಅದನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ಜೊತೆಗೆ ಊರಲ್ಲಿ ಗಾಡಿ ಇರುವ ಇಬ್ಬರ ನಂಬರ್, ಆಶಾ ಅಕ್ಕನ ನಂಬರ್. ಒಬ್ಬ ಗಾಡಿಯವನನ್ನೇ ನಂಬಬೇಡಿ, ಅವತ್ತೇ ಅವನು ಮದುವೆಗೆ ಹೋಗಿರುತ್ತಾನೆ.

ಹಂತ 4: ಆ ಕೋಣೆಯೊಳಗೆ

ಮೂತ್ರ ಮಾಡಿ ಬಂದು ಮಲಗಿ. ಮೊದಲು ಹೊಟ್ಟೆ ಮುಟ್ಟಿ ಮಗು ಹೇಗೆ ಮಲಗಿದೆ ನೋಡುತ್ತಾರೆ, ಎದೆಬಡಿತ ಕೇಳುತ್ತಾರೆ. ಇದು ಆಗದೆ ಸ್ವೀಪ್‌ಗೆ ಹೋಗಬಾರದು. ಕೇಳಿಸಿಕೊಂಡಿಲ್ಲ ಅಂದರೆ "ಡಾಕ್ಟ್ರೇ, ಹಾರ್ಟ್‌ಬೀಟ್ ನೋಡಿದ್ರಾ?" ಅಂತ ಕೇಳಿ.

ಆಮೇಲೆ ಒಳಗಿನ ಪರೀಕ್ಷೆ. ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೆತ್ತಗಿದೆ, ಮುಂದಕ್ಕೆ ತಿರುಗಿದೆಯೋ ಹಿಂದಕ್ಕೋ, ಮಗುವಿನ ತಲೆ ಎಷ್ಟು ಕೆಳಗೆ ಇಳಿದಿದೆ, ಈ ಐದಕ್ಕೆ ಅಂಕ ಕೊಡುತ್ತಾರೆ. ಬಿಷಪ್ ಸ್ಕೋರ್ ಅನ್ನುವುದು ಇದನ್ನೇ. ನಿಮ್ಮ ಮೂಗಿನ ತುದಿ ಮುಟ್ಟಿ ನೋಡಿ, ಹದವಾಗದ ಬಾಯಿ ಹಾಗೆ ಗಟ್ಟಿ. ತುಟಿ ಮುಟ್ಟಿ ನೋಡಿ, ಹದವಾದ ಬಾಯಿ ಹಾಗೆ ಮೆತ್ತಗೆ. ಬೆರಳು ಹೋಗುವಷ್ಟೂ ತೆರೆದಿಲ್ಲ ಅಂದರೆ ಸ್ವೀಪ್ ಆಗುವುದೇ ಇಲ್ಲ. ಚೊಚ್ಚಲಿನವರಿಗೆ ಹೀಗೆ ಆಗುವುದು ಜಾಸ್ತಿ. ಕೆಲವು ಡಾಕ್ಟರ್ ಬಾಯಿಯ ಸುತ್ತ ಸ್ವಲ್ಪ ಉಜ್ಜಿ ಬಿಡುತ್ತಾರೆ, ಕೆಲವರು ಎರಡು ಮೂರು ದಿನ ಬಿಟ್ಟು ಬಾ ಅನ್ನುತ್ತಾರೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಬಾಯಿ ತೆರೆದಿದ್ದರೆ ಸ್ವೀಪ್. ಒಂದೆರಡು ನಿಮಿಷದ ಕೆಲಸ. ನೋವಾಗುತ್ತದಾ? ಆಗುತ್ತದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಕೆಲವರಿಗೆ ಬರೀ ಒತ್ತಿದ ಹಾಗೆ ಅನಿಸುತ್ತದೆ, ಕೆಲವರಿಗೆ ಕಣ್ಣಲ್ಲಿ ನೀರು ಬರುವಷ್ಟು. ಅಂಗೈ ಸೊಂಟದ ಕೆಳಗೆ ಇಟ್ಟುಕೊಳ್ಳಿ, ಬಾಯಿ ತೆರೆದು ಉದ್ದಕ್ಕೆ ಉಸಿರು ಬಿಡಿ, ಕಾಲು ಬಿಗಿ ಹಿಡಿಯಬೇಡಿ. ಬಿಗಿ ಹಿಡಿದಷ್ಟೂ ನೋವು ಜಾಸ್ತಿ. ತಡೆಯಲು ಆಗುತ್ತಿಲ್ಲ ಅಂದರೆ "ನಿಲ್ಲಿಸ್ರಿ" ಅನ್ನಿ. ನಿಲ್ಲಿಸಲೇಬೇಕು, ಅದು ನಿಮ್ಮ ಹಕ್ಕು.

ಹಕ್ಕಿನ ಮಾತು ಬಂದ ಮೇಲೆ ನನ್ನದೂ ಹೇಳುತ್ತೇನೆ. ಮೊದಲ ಬಸುರಿ, 40 ವಾರ ಆಗಿತ್ತು. ಒಂದು ಆಸ್ಪತ್ರೆಯಲ್ಲಿ "ಚೆಕ್ ಮಾಡ್ತೀವಿ, ಮಲಗಮ್ಮ" ಅಂದರು. ನಾನು ಬರೀ ಪರೀಕ್ಷೆ ಅಂದುಕೊಂಡೆ. ಇದ್ದಕ್ಕಿದ್ದಂತೆ ಒಳಗೆ ಏನೋ ಸುತ್ತು ತಿರುವಿದ ಹಾಗೆ ನೋವು. ಕೂಗಿದೆ. "ಇಷ್ಟಕ್ಕೇ ಕೂಗಿದ್ರೆ ಹೆರಿಗೆ ಹೆಂಗ್ ಮಾಡ್ಕೋತೀಯ" ಅಂದರು. ಏನು ಮಾಡಿದೆವು ಅಂತ ಹೇಳಲಿಲ್ಲ. ರಾತ್ರಿ ಲಂಗದ ಮೇಲೆ ಕಂದು ಬಣ್ಣದ ಕಲೆ, ಮಧ್ಯೆ ಒಂದು ಕೆಂಪು ಗೆರೆ. ಅವ್ವ ಲಾಟೀನು ಹತ್ತಿರ ತಂದು ನೋಡಿದಳು, ಕರೆಂಟ್ ಇರಲಿಲ್ಲ. ಇಬ್ಬರೂ ಬೆಳಗಾಗುವವರೆಗೆ ಮಗು ಹೋಯಿತೇನೋ ಅಂತ ಕೂತಿದ್ದೆವು. ಆ ಕಲೆ ಬರುವುದು ಸಹಜ ಅಂತ ಒಂದು ವಾಕ್ಯ ಹೇಳಿದ್ದರೆ ಆ ರಾತ್ರಿ ನಮಗೆ ಇರುತ್ತಿರಲಿಲ್ಲ.

ಅದಕ್ಕೇ ಮಲಗುವ ಮುಂಚೆಯೇ ಕೇಳಿ: "ಬರೀ ನೋಡ್ತೀರಾ, ಸ್ವೀಪ್ ಮಾಡ್ತೀರಾ?" ಬೇಡ ಅನಿಸಿದರೆ "ಇವತ್ತು ಬ್ಯಾಡ್ರಿ, ನೋಡಿ ಹೇಳ್ರಿ ಸಾಕು" ಅನ್ನಿ. ಯಾಕೆ ಮಾಡುತ್ತಿದ್ದಾರೆ, ಮಾಡದಿದ್ದರೆ ಮುಂದೇನು ಅಂತಲೂ ಕೇಳಿ. ಜೊತೆಗೆ ಬಂದ ಹೆಣ್ಣುಮಗಳು ಪಕ್ಕದಲ್ಲಿ ನಿಲ್ಲಬಹುದಾ ಅಂತ ಕೇಳಿ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗಾಗಿ 2017ರಲ್ಲಿ ಶುರುವಾದ ಲಕ್ಷ್ಯ ಕಾರ್ಯಕ್ರಮದಲ್ಲಿ ಗೌರವದಿಂದ ನೋಡಿಕೊಳ್ಳುವುದು, ಜೊತೆಗೆ ಒಬ್ಬರನ್ನು ಬಿಡುವುದು ಎರಡೂ ಸೇರಿವೆ.

ಏಳುವ ಮುಂಚೆ ಮತ್ತೊಂದು ಸಲ ಎದೆಬಡಿತ ಕೇಳಿಸಿ. ಬಾಯಿ ಎಷ್ಟು ತೆರೆದಿದೆ ಅಂತ ಕೇಳಿ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಸ್ವೀಪ್ ಆದ ಗಂಟೆಯನ್ನೂ ಬರೆಯಿರಿ. ಮುಂದಿನ ಎರಡು ದಿನ ಎಲ್ಲವನ್ನೂ ಆ ಗಂಟೆಯಿಂದಲೇ ಲೆಕ್ಕ ಹಾಕಬೇಕು.

ಹಂತ 5: ಮನೆಗೆ ಬಂದ ಮೇಲೆ, ಸ್ವೀಪ್ ಲೆಕ್ಕಕ್ಕೆ ಹಾಕಬಹುದಾದದ್ದು

ಮುಟ್ಟಿನ ಹೊಟ್ಟೆನೋವಿನ ಥರ ಕೆಳಹೊಟ್ಟೆ ಹಿಂಡುವುದು, ಸೊಂಟ ಎಳೆಯುವುದು, ಆಗಾಗ ಹೊಟ್ಟೆ ಗಟ್ಟಿಯಾಗಿ ಮತ್ತೆ ಸಡಿಲವಾಗುವುದು ಸಹಜ. ಕ್ರಮ ಇರುವುದಿಲ್ಲ, ಒಮ್ಮೆ ಏಳು ನಿಮಿಷಕ್ಕೆ ಬರುತ್ತದೆ, ಆಮೇಲೆ ಅರ್ಧ ಗಂಟೆ ಬರುವುದೇ ಇಲ್ಲ.

ಕಂದು ಅಥವಾ ನಸುಗೆಂಪು ಕಲೆ ಸಹಜ. ಲೋಳೆಯಂಥದ್ದು ಗಟ್ಟಿಯಾಗಿ ಬರಬಹುದು, ಅದರಲ್ಲಿ ರಕ್ತದ ಎಳೆ ಇರಬಹುದು. ಗರ್ಭಕೋಶದ ಬಾಯಿಗೆ ಬೂಚಿನಂತೆ ಇದ್ದದ್ದು ಕಳಚಿ ಬಂದಿದೆ ಅಷ್ಟೇ. ಕಳಚಿದ ಮಾತ್ರಕ್ಕೆ ಹೆರಿಗೆ ಅವತ್ತೇ ಅಂತ ಅಲ್ಲ. ಪ್ಯಾಡ್ ಮೇಲೆ ಅದು ಒಂದು ರೂಪಾಯಿ ನಾಣ್ಯದಷ್ಟೋ, ಅದಕ್ಕಿಂತ ಸ್ವಲ್ಪ ಜಾಸ್ತಿಯೋ ಇದ್ದು ದಿನ ಕಳೆದಂತೆ ಕಮ್ಮಿಯಾಗುತ್ತಾ ಹೋಗಬೇಕು. "ಕಮ್ಮಿಯಾಗುತ್ತಾ" ಅನ್ನುವ ಪದ ನೆನಪಿಡಿ.

ಇಷ್ಟೇ. ಸ್ವೀಪ್ ಲೆಕ್ಕಕ್ಕೆ ಬರೆಯಬಹುದಾದದ್ದು ಹಿಂಡುವ ನೋವು ಮತ್ತು ಚಿಕ್ಕ ಕಲೆ, ಎರಡೇ. ಮೂರನೆಯದು ಯಾವುದೂ ಇಲ್ಲ.

ನೋವಿಗೆ ಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ, ಸೊಂಟಕ್ಕೆ ಬಿಸಿಬಟ್ಟೆ ಶಾಖ ಕೊಡಿ, ಎಡಮಗ್ಗುಲಿಗೆ ಮಲಗಿ. ಪ್ಯಾರಾಸಿಟಮಾಲ್ ತಗೋಬಹುದಾ ಅಂತ ಡಾಕ್ಟರ್ ಹತ್ತಿರವೇ ಕೇಳಿಕೊಂಡು ಬನ್ನಿ. ಮೆಡಿಕಲ್ ಶಾಪ್‌ಗೆ ಗಂಡನನ್ನು ಕಳಿಸಿ ನೋವಿನ ಗುಳಿಗೆ ತರಿಸಬೇಡಿ. ಅಲ್ಲಿ ಸಿಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಇರುವ ಗುಳಿಗೆಗಳು ಕೊನೆಯ ತಿಂಗಳಲ್ಲಿ ಮಗುವಿನ ಹೃದಯ, ಮೂತ್ರಪಿಂಡಕ್ಕೆ ತೊಂದರೆ ಕೊಡುತ್ತವೆ.

ಮಾಡಬಾರದ ಇನ್ನೆರಡು ಕೆಲಸ ಇವೆ. ಬೇನೆ ಬೇಗ ಬರಲಿ ಅಂತ ಔಡಲೆಣ್ಣೆ ಕುಡಿಸುವುದು, ಏನೇನೋ ಕಷಾಯ ಕೊಡುವುದು. ಭೇದಿಯಾಗಿ ಮೈ ಸೋತು, ಹೆರಿಗೆಗೆ ಬೇಕಾದ ಶಕ್ತಿಯೇ ಹೋಗುತ್ತದೆ. ಎರಡನೆಯದು ಇದಕ್ಕಿಂತ ಘೋರ. ಊರಲ್ಲಿ ಸೂಜಿ ಹಾಕುವವನನ್ನು ಕರೆಸಿ "ಬೇನೆ ಇಂಜೆಕ್ಷನ್" ಹಾಕಿಸುವುದು. ಅದು ಆಕ್ಸಿಟೋಸಿನ್. ಆಸ್ಪತ್ರೆಯಲ್ಲಿ ಅದನ್ನು ಹನಿ ಹನಿ ಎಣಿಸಿ, ಮಗುವಿನ ಎದೆಬಡಿತ ನೋಡುತ್ತಾ ಕೊಡುತ್ತಾರೆ. ಮನೆಯಲ್ಲಿ ಒಂದೇ ಸಲ ಚುಚ್ಚಿದರೆ ಗರ್ಭಕೋಶ ಬಿಡುವಿಲ್ಲದೆ ಹಿಂಡುತ್ತದೆ, ಹರಿಯಲೂಬಹುದು. ದಯವಿಟ್ಟು ಯಾರ ಮಾತಿಗೂ ಇದಕ್ಕೆ ಒಪ್ಪಬೇಡಿ.

ನಡೆಯಬಹುದು, ಅಡುಗೆ ಮಾಡಬಹುದು, ಮಲಗಬಹುದು. ನೀರು ಹೋಗಿಲ್ಲ, ರಕ್ತ ಇಲ್ಲ ಅಂದರೆ ಗಂಡ ಹೆಂಡತಿ ಸೇರುವುದಕ್ಕೂ ಅಡ್ಡಿಯಿಲ್ಲ. ತುಂಬಾ ಜನ ಕೇಳಲು ಸಂಕೋಚಪಡುವ ಪ್ರಶ್ನೆ ಅಂತ ಇಲ್ಲೇ ಹೇಳಿಬಿಟ್ಟೆ.

ಹಂತ 6: ಸ್ವೀಪ್ ಲೆಕ್ಕಕ್ಕೆ ಎಂದೂ ಹಾಕಬಾರದ್ದು

ಮಗುವಿನ ಓಡಾಟ ಕಮ್ಮಿಯಾಗುವುದು ಎಲ್ಲಕ್ಕಿಂತ ಮೊದಲು. ಸ್ವೀಪ್‌ನಿಂದ ಮಗು ಸುಮ್ಮನಾಗುವುದಿಲ್ಲ. ದಿನ ತುಂಬಿದ ಮೇಲೆ ಜಾಗ ಸಾಲದೆ ಮಗು ಆಡುವುದಿಲ್ಲ ಅನ್ನುವುದೂ ಸುಳ್ಳು. ಒದೆಯುವ ಬದಲು ಹೊರಳಾಡಬಹುದು, ಆದರೆ ದಿನಾ ಎಷ್ಟು ಸಲ ಆಡುತ್ತಿತ್ತೋ ಅಷ್ಟು ಆಡಲೇಬೇಕು.

ಒಬ್ಬ ಹುಡುಗಿಯ ಮುಖ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಾಲುವೆ ಕಡೆಯ ಊರವಳು, ಹತ್ತೊಂಬತ್ತೋ ಇಪ್ಪತ್ತೋ ವರ್ಷ. ಹಿಂದಿನ ದಿನ ಸ್ವೀಪ್ ಆಗಿತ್ತು. ಬೆಳಗ್ಗೆಯಿಂದ ಮಗು ಆಡಿಲ್ಲ. "ಬೆರಳು ಹಾಕ್ಯಾರಲ್ಲ, ಕೂಸು ದಣದೈತಿ, ಮಲಗಲಿ ಬಿಡ" ಅಂತ ಮನೆಯಲ್ಲಿ ಹೇಳಿದ್ದಾರೆ. ಅವಳಿಗೆ ಮನಸ್ಸು ತಡೆಯದೆ ರಾತ್ರಿ ಹತ್ತಕ್ಕೆ ಬಂದಳು. ನಾನು ಡಾಪ್ಲರ್ ಇಟ್ಟೆ. ನಿಮಿಷಕ್ಕೆ 110ರಿಂದ 160 ಇರಬೇಕಾದ ಬಡಿತ ಎಂಬತ್ತರ ಹತ್ತಿರ ಇತ್ತು. ನೇರ ಆಪರೇಷನ್‌ಗೆ ತಗೊಂಡರು. ಮಗು ಅಳಲಿಲ್ಲ. ಆಮೇಲೆ, ತುಂಬಾ ಹೊತ್ತಿನ ಮೇಲೆ, ಅತ್ತಿತು. ಎಷ್ಟೋ ದಿನ ನವಜಾತ ಶಿಶು ವಾರ್ಡ್‌ನಲ್ಲಿದ್ದು ಮನೆಗೆ ಹೋಯಿತು. ಅವಳು ಇನ್ನೊಂದು ತಾಸು ಮನೆಯವರ ಮಾತು ಕೇಳಿದ್ದರೆ ಆ ಮಗು ಮನೆಗೆ ಹೋಗುತ್ತಿರಲಿಲ್ಲ.

ಊಟ ಮಾಡಿ ಎಡಮಗ್ಗುಲಿಗೆ ಮಲಗಿ. ಮೊಬೈಲ್ ಪಕ್ಕಕ್ಕಿಡಿ. ಒದೆತ, ಹೊರಳಾಟ ಒಂದೊಂದಕ್ಕೂ ನೋಟ್‌ಬುಕ್‌ನಲ್ಲಿ ಗೀಟು ಹಾಕಿ. ಎರಡು ಗಂಟೆಯಲ್ಲಿ ಹತ್ತು ಆಗದಿದ್ದರೆ ಹೊರಡಿ. ಎಣಿಸುವ ಮುಂಚೆಯೇ ಇವತ್ತು ಏನೋ ಬೇರೆ ಥರ ಇದೆ ಅನಿಸಿದರೆ ಎರಡು ಗಂಟೆಯೂ ಕಾಯಬೇಡಿ. ತಣ್ಣೀರು, ಸಕ್ಕರೆ ನೀರು ಕುಡಿದು ನೋಡೋಣ ಅನ್ನುವುದೂ ಬೇಡ.

ರಕ್ತ: ಮುಟ್ಟಿನಂತೆ ಹರಿದು ಬಂದರೆ, ಹೊಸ ಕೆಂಪು ಬಣ್ಣ ಇದ್ದರೆ, ಗಡ್ಡೆ ಬಿದ್ದರೆ, ಕಲೆ ಕಮ್ಮಿಯಾಗುವ ಬದಲು ಜಾಸ್ತಿಯಾಗುತ್ತಿದ್ದರೆ ಹೊರಡಿ. ಪ್ಯಾಡ್ ತುಂಬಲಿ ಅಂತ ಕಾಯಬೇಡಿ. ಹಿಮೋಗ್ಲೋಬಿನ್ ಕಡಿಮೆ ಇರುವವರಂತೂ ಕಾಯಲೇಬಾರದು.

ನೀರು: ಬಳಕ್ಕನೆ ಹೋದರೂ ಸರಿ, ತೊಟ್ಟಿಕ್ಕಿದರೂ ಸರಿ, ಬೇನೆ ಇಲ್ಲದಿದ್ದರೂ ಸರಿ, ಆಸ್ಪತ್ರೆಗೆ ಹೋಗಬೇಕು. ಮೂತ್ರವೋ ನೀರೋ ಗೊತ್ತಾಗದಿದ್ದರೆ ಒಣ ಪ್ಯಾಡ್ ಇಟ್ಟುಕೊಂಡು ಅರ್ಧ ಗಂಟೆ ಓಡಾಡಿ. ಮೂತ್ರಕ್ಕೆ ಹೋಗದಿದ್ದರೂ ಮತ್ತೆ ಒದ್ದೆಯಾದರೆ ಅದು ನೀರೇ ಅಂದುಕೊಳ್ಳಿ. ಹೋದ ಗಂಟೆ ಬರೆದಿಡಿ, ಆ ಪ್ಯಾಡ್ ಬಿಸಾಡದೆ ತಗೊಂಡು ಹೋಗಿ ತೋರಿಸಿ. ಹಸಿರು ಅಥವಾ ಕಂದು ನೀರು ಬಂದರೆ ಮಗು ಒಳಗೇ ಮಲ ಮಾಡಿದೆ ಅಂತ, ಒಂದು ನಿಮಿಷವೂ ತಡ ಮಾಡಬೇಡಿ.

ಬಿಡದೆ ಹಿಡಿದ ನೋವು: ಬೇನೆ ಬಂದು ಹೋಗುತ್ತದೆ, ನಡುವೆ ಹೊಟ್ಟೆ ಸಡಿಲವಾಗುತ್ತದೆ. ಸಡಿಲವೇ ಆಗದೆ ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿ ನಿಂತರೆ ಮಾಸು ಬಿಟ್ಟುಕೊಳ್ಳುತ್ತಿರಬಹುದು. ಹೊರಗೆ ರಕ್ತ ಕಾಣದೆಯೂ ಹೀಗಾಗುತ್ತದೆ.

ಜ್ವರ, ಚಳಿ, ಕೆಟ್ಟ ವಾಸನೆಯ ಸ್ರಾವ ಬಂದರೆ ಸೋಂಕು. ತಲೆ ಸಿಡಿಯುವಂಥ ನೋವು, ಕಣ್ಣು ಮಂಜಾಗುವುದು, ಎದೆಯ ಕೆಳಗೆ ಉರಿದಂಥ ನೋವು ಬಂದರೆ ಬಿಪಿ. ಇವಕ್ಕೂ ಸ್ವೀಪ್‌ಗೂ ಸಂಬಂಧ ಕಟ್ಟಬೇಡಿ.

ಇವುಗಳಲ್ಲಿ ಯಾವುದು ಕಂಡರೂ ಆಪರೇಷನ್, ರಕ್ತ ಎರಡೂ ಸಿಗುವ ಆಸ್ಪತ್ರೆಗೇ ಹೋಗಿ. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಅಂತಲೇ ಕರೆಯುವ ವೈದ್ಯಕೀಯ ಕಾಲೇಜು ಆಸ್ಪತ್ರೆ ಅಂಥವು. 108ರವರಿಗೆ ಏನಾಗಿದೆ ಅಂತ ಸ್ಪಷ್ಟವಾಗಿ ಹೇಳಿ. "ಬೇನೆ" ಅಂತಷ್ಟೇ ಅನ್ನಬೇಡಿ, "ದಿನ ತುಂಬಿದ ಗರ್ಭಿಣಿ, ರಕ್ತ ಹೋಗ್ತಿದೆ" ಅನ್ನಿ.

ಒಂದು ಸಲ ಹೋಗಿ ಏನಿಲ್ಲ ಅಂತ ವಾಪಸ್ ಬಂದಿದ್ದರೂ ಎರಡನೇ ಸಲ ಹೋಗಿ, ಮೂರನೇ ಸಲವೂ ಹೋಗಿ. ಬೈದರೆ ಬೈಯಲಿ.

ಹಂತ 7: ನಿಜವಾದ ಬೇನೆ ಅಂತ ತಿಳಿಯುವುದು ಹೇಗೆ

ಸ್ವೀಪ್ ಫಲ ಕೊಟ್ಟರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಗೊತ್ತಾಗುತ್ತದೆ. ಸುಳ್ಳು ಬೇನೆ ಮಗ್ಗುಲು ಬದಲಿಸಿದರೆ, ಸ್ನಾನ ಮಾಡಿದರೆ, ನೀರು ಕುಡಿದು ಮಲಗಿದರೆ ತಗ್ಗುತ್ತದೆ. ನಿಜವಾದದ್ದು ಏನು ಮಾಡಿದರೂ ಬರುತ್ತಲೇ ಇರುತ್ತದೆ. ಸೊಂಟದಿಂದ ಎದ್ದು ಮುಂದಕ್ಕೆ ಸುತ್ತುತ್ತದೆ. ಹೊತ್ತು ಹೋದಂತೆ ಹತ್ತಿರ ಹತ್ತಿರವಾಗುತ್ತದೆ, ಬಂದಾಗ ಮಾತು ನಿಲ್ಲಿಸಬೇಕಾಗುತ್ತದೆ.

ಒಂದು ಬೇನೆ ಶುರುವಾದಾಗಿನಿಂದ ಮುಂದಿನದು ಶುರುವಾಗುವವರೆಗೆ ಎಷ್ಟು ನಿಮಿಷ ಅಂತ ಬರೆಯಿರಿ. ತುಂಬಾ ಜನ ಒಂದು ಮುಗಿದಾಗಿನಿಂದ ಎಣಿಸುತ್ತಾರೆ, ಅದು ತಪ್ಪು. ಐದು ನಿಮಿಷಕ್ಕೊಂದರಂತೆ, ಒಂದೊಂದು ಒಂದು ನಿಮಿಷ ಇದ್ದು, ಒಂದು ಗಂಟೆ ಹಾಗೇ ನಡೆದರೆ ಹೊರಡಬೇಕು ಅನ್ನುವುದು ಆಸ್ಪತ್ರೆ ಪಕ್ಕದಲ್ಲಿ ಇರುವವರ ಲೆಕ್ಕ. ನಿಮ್ಮ ಊರಿಂದ ಆಸ್ಪತ್ರೆಗೆ ಒಂದು ತಾಸಿನ ದಾರಿ ಇದ್ದರೆ, ಇಲ್ಲವೇ ಎರಡನೇ ಮೂರನೇ ಹೆರಿಗೆಯಾದರೆ, ಹತ್ತು ನಿಮಿಷಕ್ಕೊಂದು ಕ್ರಮವಾಗಿ ಬರುತ್ತಿದ್ದಂತೆ ಹೊರಟುಬಿಡಿ.

ಹಂತ 8: ಎರಡು ದಿನ ಕಳೆದರೂ ಏನೂ ಆಗದಿದ್ದರೆ

ಇದೂ ಸಾಮಾನ್ಯವೇ. ಡಾಕ್ಟರ್ ಮತ್ತೊಂದು ಸಲ ಸ್ವೀಪ್ ಮಾಡೋಣ ಅನ್ನಬಹುದು, ಇಲ್ಲ ಕಾಯೋಣ ಅನ್ನಬಹುದು. ಆದರೆ ಕಾಯುವುದಕ್ಕೂ ಒಂದು ಗಡಿ ಇದೆ. ವಿಶ್ವ ಆರೋಗ್ಯ ಸಂಸ್ಥೆ 41 ವಾರ ತುಂಬಿದವರಿಗೆ ಔಷಧಿಯಿಂದ ಬೇನೆ ಬರಿಸಬೇಕು ಅನ್ನುತ್ತದೆ. 42 ದಾಟಿದರೆ ಮಾಸು ಸೋತು ಮಗುವಿಗೆ ಅಪಾಯ ಹೆಚ್ಚುತ್ತದೆ. ಬಿಪಿ, ಸಕ್ಕರೆ ಕಾಯಿಲೆ ಇದ್ದವರಿಗೆ ಆ ಗಡಿ ಇನ್ನೂ ಮುಂಚೆ ಬರುತ್ತದೆ. "ಸ್ವೀಪ್ ಆಗಿದೆಯಲ್ಲ, ಇವತ್ತಲ್ಲ ನಾಳೆ ಬರುತ್ತೆ" ಅಂತ ಮನೆಯಲ್ಲಿ ಹತ್ತು ದಿನ ಕೂತವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಸ್ವೀಪ್ ಮಾಡಿಸಿಕೊಂಡು ಬರುವಾಗಲೇ ಮುಂದಿನ ತಾರೀಖು ತಾಯಿ ಕಾರ್ಡ್‌ನಲ್ಲಿ ಬರೆಸಿಕೊಂಡು ಬನ್ನಿ.

ಅಡ್ಮಿಟ್ ಆಗಿ ಬೇನೆ ಬರಿಸುವಾಗ ಜೆಲ್ ಇಡಬಹುದು, ಗುಳಿಗೆ ಕೊಡಬಹುದು, ಚಿಕ್ಕ ಬಲೂನು ಇರುವ ನಳಿಕೆ ಹಾಕಬಹುದು, ಆಮೇಲೆ ಡ್ರಿಪ್. ಇದಕ್ಕೆ ಒಂದು ದಿನ, ಕೆಲವರಿಗೆ ಎರಡು ದಿನವೂ ಹಿಡಿಯುತ್ತದೆ, ಹಾಗಾಗಿ ಜೊತೆಗಿರುವವರಿಗೂ ಬಟ್ಟೆಬರೆ ಇರಲಿ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲ ಉಚಿತ. ಹಣವಿಲ್ಲ ಅಂತ ತಾರೀಖು ಮುಂದೂಡಬೇಡಿ.

ಅಡ್ಮಿಟ್ ಆಗುವ ದಿನದವರೆಗೂ, ಹಿಂದಿನ ರಾತ್ರಿ ಕೂಡ, ಊಟ ಆದ ಮೇಲೆ ಎಡಮಗ್ಗುಲಿಗೆ ಮಲಗಿ ಗೀಟು ಹಾಕುವುದನ್ನು ಬಿಡಬೇಡಿ. ಆ ನೋಟ್‌ಬುಕ್ ತಾಯಿ ಕಾರ್ಡ್ ಜೊತೆಗೇ ಚೀಲದಲ್ಲಿರಲಿ, ಲೇಬರ್ ವಾರ್ಡ್‌ನ ಸಿಸ್ಟರ್ ಕೈಗೆ ಮೊದಲು ಅದನ್ನೇ ಕೊಡಿ.